ನಿಲ್ಲಿಸುವ ಗುಂಡಿ

ಬೆಳಗಿನ ಟೀ ಮುಗಿಯುವಷ್ಟರಲ್ಲಿ ಅವನು ಮನಸ್ಸಿನಲ್ಲೇ ಮೂವರ ದವಡೆ ಮುರಿದು ಮುಗಿಸಿದ್ದ. ಒಬ್ಬ, ಆಟದಲ್ಲಿ ಕುದುರೆಗಳಿಗೆ ಬಣ್ಣಬಣ್ಣದ ಬಾಲ ಬೇಕೆಂದು ಪದೇ ಪದೇ ಕೇಳುತ್ತಿದ್ದವನು. ಇನ್ನೊಬ್ಬ, ಕೇಳಿದ್ದನ್ನು ಇನ್ನೂ ಯಾಕೆ ಮಾಡಿಲ್ಲ, ಬದುಕಿದ್ದೀರೋ ಹೇಗೆ ಎಂದು ವಿಚಾರಿಸಿದವನು. ಮೂರನೆಯದು ಗುಬ್ಬಿ. ಗುಬ್ಬಿ ಎಂದರೆ ಹೆಣ್ಣೋ ಗಂಡೋ, ಮುದುಕರೋ ಎಳೆಯರೋ ಅವನಿಗೆ ಗೊತ್ತಿರಲಿಲ್ಲ. ಪರದೆಯ ಮೇಲೆ ಆ ಹೆಸರು, ಪಕ್ಕದಲ್ಲಿ ಕಂದು ಬಣ್ಣದ ಹಕ್ಕಿಯ ಚಿತ್ರ, ಅಷ್ಟೆ. ಆ ಹಕ್ಕಿಯ ಕತ್ತನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದರೆ ಎಂಥ ಸದ್ದು ಬಂದೀತು ಎಂದು ಯೋಚಿಸುತ್ತ ಅವನು ಬ್ರೆಡ್ಡಿನ ಅಂಚು ಮುರಿದ. ಅವನು ಹಲ್ಲಿನ ಡಾಕ್ಟರು. ಇಡೀ ದಿನ ಬೇರೆಯವರ ಬಾಯೊಳಗೆ ಬೆರಳಿಟ್ಟುಕೊಂಡಿರುವವನು, ಸಭ್ಯ, ಮೆಲುದನಿಯವನು, ರೋಗಿಗಳು ಮದುವೆಗೆ ಕರೆಯುವಂಥವನು. ಸಿಟ್ಟೆಲ್ಲ ಆಟಕ್ಕೇ ಮೀಸಲು. ಓದುವ ಕಾಲದಲ್ಲಿ ಗೆಳೆಯನ ಜೊತೆ ಕೂತು ಬರೆದ ಕಂಪ್ಯೂಟರ್ ಯುದ್ಧದಾಟ ಅದು, ಹೆಸರು ‘ಮುತ್ತಿಗೆ’. ಆ ಗೆಳೆಯನ ಅಕ್ಕನನ್ನು ಅವನು ಮದುವೆಯಾದ ಮೇಲೆ ಗೆಳೆಯ ಭಾವಮೈದುನನಾದ. ಆಟವನ್ನು ಇಬ್ಬರೂ ಯಾರಿಗೂ ಮಾರಲಿಲ್ಲ. ಯಾರು ಬೇಕಾದರೂ ಬಿಚ್ಚಿ ನೋಡಲಿ, ತಿದ್ದಲಿ, ಆಡಲಿ ಎಂದು ಲೋಕಕ್ಕೆ ಬಿಟ್ಟರು. ಲೋಕ ತಿದ್ದಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ಅದು ಬೇಕು, ಇದು ಬೇಕು, ಇದ್ದದ್ದು ಹೀಗಲ್ಲ ಹಾಗಿರಬೇಕು. ಕೋರಿಕೆಗಳನ್ನು ಒಂದೊಂದಾಗಿ ಓದಿ, ಆಗುತ್ತದೆ ಅಥವಾ ಆಗುವುದಿಲ್ಲ ಎಂದು ಬರೆದು ಮುಚ್ಚುವುದು ಅವನ ಬೆಳಗಿನ ಕೆಲಸ, ಪುಕ್ಕಟೆ ಕೆಲಸ, ಬಿಡೆಂದರೂ ಬಿಡದ ಕೆಲಸ.

ಮುತ್ತಿಗೆಯಲ್ಲಿ ಕೋಟೆಯಿದೆ, ಏಣಿಯಿದೆ, ಗೋಡೆಯ ಮೇಲಿಂದ ಸುರಿಯುವ ಕುದಿಯೆಣ್ಣೆಯಿದೆ. ಏಟು ತಿಂದ ಸೈನಿಕ ತಕ್ಷಣ ಸಾಯುವುದಿಲ್ಲ. ಮಂಡಿಯೂರುತ್ತಾನೆ, ಒಂದು ಕೈ ನೆಲಕ್ಕೆ ಕೊಟ್ಟು ಉಸಿರೆಳೆಯುತ್ತಾನೆ, ಮುಖ ಎತ್ತಿ ನೋಡುತ್ತಾನೆ, ಆಮೇಲೆ ಎದುರಿನವನ ಕತ್ತಿ ಇನ್ನೊಮ್ಮೆ ಇಳಿದಾಗ ಬೀಳುತ್ತಾನೆ. ಆ ಮಂಡಿಯೂರುವ ಗಳಿಗೆಯನ್ನು ಬರೆದದ್ದು ಅವನೇ. ಮುಖ ಎತ್ತುವುದನ್ನು ಸರಿಯಾಗಿ ತರಲು ಕನ್ನಡಿಯ ಮುಂದೆ ತಾನೇ ಮಂಡಿಯೂರಿ ನೋಡಿಕೊಂಡಿದ್ದ. ಒಮ್ಮೆ ಬೀಸಲು ತೊಡಗಿದ ಕತ್ತಿ ಎದುರಿನವನು ಸಾಯುವವರೆಗೆ ನಿಲ್ಲುವುದಿಲ್ಲ. ಆಡುವವನು ಮನಸ್ಸು ಬದಲಾಯಿಸಿದರೂ ಅಷ್ಟೆ, ಕತ್ತಿ ತನ್ನ ಕೆಲಸ ಮುಗಿಸುತ್ತದೆ. ಯುದ್ಧವೆಂದರೆ ಹಾಗೇ ಎಂಬುದು ಅವನ ವಾದ. ಗುಬ್ಬಿಗೆ ಅದು ಹಿಡಿಸಲಿಲ್ಲ. ಮಂಡಿಯೂರಿದವನನ್ನು ಕೊಲ್ಲದೆ ಬಿಡಲು ಒಂದು ಗುಂಡಿ ಬೇಕೆಂದು ಗುಬ್ಬಿ ಕೇಳಿತು. ಅದೇ ವಾರ ಇನ್ಯಾರೋ, ಬೀಸುತ್ತಿರುವ ಕತ್ತಿಯನ್ನು ನಡುವೆ ನಿಲ್ಲಿಸುವ ಗುಂಡಿ ಬೇಕೆಂದು ಕೇಳಿದರು. ಎರಡೂ ಒಂದೇ ಮಾತು. ಕೊಡುವುದಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಿದರೆ ಜನ ಗುಂಪುಕಟ್ಟಿಕೊಂಡು ಜಗಳಕ್ಕೆ ಬರುತ್ತಾರೆ. ಅದಕ್ಕೊಂದು ಉಪಾಯವಿತ್ತು, ಇಂಥ ಆಟ ನೋಡಿಕೊಳ್ಳುವವರೆಲ್ಲ ಬಳಸುವ ಉಪಾಯ: ‘ಇದನ್ನು ಈಗಾಗಲೇ ಕೇಳಲಾಗಿದೆ, ದಯವಿಟ್ಟು ಅಲ್ಲಿ ಮಾತಾಡಿ’ ಎಂದು ಇನ್ನೊಂದು ಕೋರಿಕೆಯತ್ತ ಬೆರಳು ತೋರಿಸಿ ಇದನ್ನು ಮುಚ್ಚುವುದು. ಅವನು ಗುಬ್ಬಿಯ ಕೋರಿಕೆಯನ್ನು ಹಾಗೆ ಮುಚ್ಚಿದ. ಅದೇ ಸಂಜೆ, ಇನ್ನೊಂದು ಮನೆಯಲ್ಲಿ ಕೂತಿದ್ದ ಭಾವಮೈದುನ, ಆ ಗುಂಡಿ ಬೇಕೇ ಬೇಕೆಂದು ಹಟ ಹಿಡಿದಿದ್ದವನು, ಕೇಳುವವರೆಲ್ಲ ಒಂದೇ ಕಡೆ ಸೇರಲಿ ಎಂದು ಇನ್ನೊಂದು ಕೋರಿಕೆಯನ್ನು ಮುಚ್ಚಿ ಜನರನ್ನು ಗುಬ್ಬಿಯ ಕಡೆಗೆ ಕಳಿಸಿದ. ಇಬ್ಬರೂ ಒಬ್ಬರನ್ನೊಬ್ಬರು ಕೇಳಲಿಲ್ಲ. ಮಾರನೆಯ ದಿನವೇ ಅವರ ನಡುವೆ ಮಾತು ನಿಂತುಹೋಯಿತು. ಹೀಗೆ ಎರಡು ಬಾಗಿಲೂ ಮುಚ್ಚಿ, ಎರಡರ ಮೇಲೂ ಪಕ್ಕದ ಬಾಗಿಲು ತಟ್ಟಿ ಎಂಬ ಫಲಕ ನೇತಾಡತೊಡಗಿತು, ವರ್ಷಗಟ್ಟಲೆ.

ಈ ಬೆಳಿಗ್ಗೆ ಗುಬ್ಬಿ ಅದನ್ನು ಊರಿಗೆಲ್ಲ ಸಾರಿತ್ತು. ‘ಇಲ್ಲಿ ಬಂದ್ರೆ ಅಲ್ಲಿಗೆ ಹೋಗಿ ಅಂತೀರಿ, ಅಲ್ಲಿಗೆ ಹೋದ್ರೆ ಇಲ್ಲಿಗೆ ಬನ್ನಿ ಅಂತೀರಿ. ಸುತ್ತಿ ಸುತ್ತಿ ಕಾಲು ಸೋತುಹೋಯ್ತು. ಒಳಗೆ ಯಾರಾದ್ರೂ ಇದೀರಾ?’ ಕೆಳಗೆ ನಗುವ ಮುಖಗಳ ಸಾಲು. ಯಾರೋ ಗಾಣಕ್ಕೆ ಕಟ್ಟಿದ ಕತ್ತೆಯ ಚಿತ್ರ ಬರೆದು ಅದರ ಕುತ್ತಿಗೆಗೆ ಅವನ ಅಡ್ಡಹೆಸರು ತೂಗುಹಾಕಿದ್ದರು. ಕಿವಿ ಬಿಸಿಯಾಯಿತು. ತಪ್ಪಾಯಿತು, ತೆರೆಯುತ್ತೇನೆ ಎಂದು ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಅದು ಅವನಿಗೂ ಗೊತ್ತಿತ್ತು. ಅವನು ಗುಬ್ಬಿಯನ್ನು ಹೊರಗೆ ಹಾಕಿದ, ಇನ್ನು ಮುಂದೆ ಬರೆಯದಂತೆ ಬೀಗ ಜಡಿದ. ಹಾಕುವಾಗ ಬೆರಳ ತುದಿಯಲ್ಲಿ ಒಂದು ಸಣ್ಣ ಸುಖ ಹಾದುಹೋಯಿತು. ಆ ಸುಖ ಅವನಿಗೆ ಪರಿಚಯದ್ದೇ.

“ಆ ಫೋನು ಕೆಳಗಿಡಿ ಸ್ವಲ್ಪ” ಎಂದಳು ಹೆಂಡತಿ. ಎಷ್ಟು ಹೊತ್ತಿನಿಂದ ಎದುರಿಗೆ ನಿಂತಿದ್ದಳೋ. “ತಮ್ಮ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ. ಕೆಳಗಿನ ದವಡೆ ಊದಿಕೊಂಡು ಮುಖ ಇಷ್ಟು ದಪ್ಪ ಆಗಿದೆ. ನಿಮ್ಮ ಹತ್ರಾನೇ ಹೋಗು ಅಂತ ಹೇಳಿದೀನಿ.”

“ಊರಲ್ಲಿ ಬೇರೆ ಡಾಕ್ಟ್ರು ಸತ್ತುಹೋದ್ರಾ?”

“ಸತ್ತಿಲ್ಲ. ನಾನೇ ಕಳಿಸ್ತಿದೀನಿ. ಎಷ್ಟು ದಿನ ಅಂತ ನಾನು ಅವನ ಮನೇಲಿ ಒಂದು ಮುಖ, ಇಲ್ಲಿ ಒಂದು ಮುಖ ಇಟ್ಕೊಂಡು ಓಡಾಡ್ಲಿ?” ಅವಳು ಮೇಜಿನ ಮೇಲಿನ ಬ್ರೆಡ್ಡಿನ ಪುಡಿಯನ್ನು ಅಂಗೈಯಿಂದ ಒಟ್ಟುಮಾಡುತ್ತಿದ್ದಳು, ತಲೆ ಎತ್ತಲಿಲ್ಲ. “ಬರಲ್ಲ ಅಂದ ಮೊದ್ಲು. ಹೆದರ್ಕೊಂಡಿದಾನೆ ರೀ. ನಾನು ಜವಾಬ್ದಾರಿ ಅಂದೆ. ಅವನನ್ನ ನಿಮ್ಮ ಕುರ್ಚೀಲಿ ಕೂರಿಸ್ತಾ ಇರೋಳು ನಾನು. ಇವತ್ತೇನಾದ್ರೂ ಅವನಿಗೆ ನೋವು ಮಾಡಿದ್ರೆ, ಬೇಕೂಂತ ಮಾಡಿದ್ರೆ, ನಾನು ಈ ಮನೇಲಿ ಒಂದು ಗಳಿಗೆ ಇರಲ್ಲ. ಇದು ಬೆದರಿಕೆ ಅಲ್ಲ. ಹೇಳಿಬಿಡ್ತಾ ಇದೀನಿ, ಅಷ್ಟೆ.”

ಅವನು ನಕ್ಕ. ನಗಬಾರದಿತ್ತು. ಹೆಂಡತಿ ಪುಡಿಯನ್ನು ಕಸದಬುಟ್ಟಿಗೆ ಹಾಕಿ ಬಂದು ಅದೇ ಜಾಗದಲ್ಲಿ ನಿಂತಳು, ಮೇಜಿನ ಎಡಮೂಲೆಯಲ್ಲಿ, ಅವತ್ತು ನಿಂತಿದ್ದಲ್ಲೇ. ಮಾತು ನಿಂತುಹೋದ ಆ ದಿನ ಭಾವಮೈದುನ ಈ ಮೇಜಿನ ಮುಂದೆಯೇ ಕೂತಿದ್ದ. ಒಂದು ಗುಂಡಿಯ ವಿಷಯಕ್ಕೆ ಮಾತಿಗೆ ಮಾತು ಬೆಳೆದಿತ್ತು. ನಿನಗೆ ಕೊಲ್ಲೋದ್ರಲ್ಲಿ ಖುಷಿ ಇದೆ ಭಾವ, ಅದಕ್ಕೇ ನಿಲ್ಲಿಸೋ ಗುಂಡಿ ಬೇಡ ಅಂತೀಯ ಎಂದು ಎಡಗೈಯ ಬೆರಳು ತೋರಿಸಿ ಹೇಳಿದ್ದ, ಅಕ್ಕನ ಮದುವೆಯಾದ ಮೇಲೆ ಎಂದೂ ಏಕವಚನ ಆಡದವನು. ಅವನು ಆ ಬೆರಳನ್ನು ಹಿಡಿದುಕೊಂಡ. ಹಿಡಿದಾಗ ತಮಾಷೆಯೇ. ಹಿಂದಕ್ಕೆ ಬಗ್ಗಿಸತೊಡಗಿದಾಗಲೂ ಅರ್ಧ ತಮಾಷೆಯೇ ಇರಬೇಕು, ಹೆಂಡತಿ ಸಹ ನಗುತ್ತಿದ್ದಳು. ಆಮೇಲೆ ಒಂದು ಹಂತ ಬಂತು. ಅಲ್ಲಿ ನಿಲ್ಲಿಸಬಹುದಿತ್ತು, ಬೆರಳು ಇನ್ನು ಬಗ್ಗುವುದಿಲ್ಲ ಎನ್ನುವುದನ್ನು ಅವನ ಅಂಗೈಯೇ ಅವನಿಗೆ ಹೇಳಿತು. ಹಲ್ಲು ಕೀಳುವಾಗಲೂ ಹಾಗೇ ಒಂದು ಹಂತ ಬರುತ್ತದೆ, ಎಲುಬು ಬಿಟ್ಟುಕೊಡುವ ಮೊದಲಿನದು. ಕೈಗೆ ಅದು ಗೊತ್ತು. ಅವನ ಕೈ ಅದನ್ನು ದಾಟಿಹೋಯಿತು. ಮುರಿದ ಸದ್ದು ಅವನಿಗೆ ಈಗ ನೆನಪಿಲ್ಲ, ಹೆಂಡತಿಯ ಮುಖದಲ್ಲಿ ನಗು ಇನ್ನೂ ಇಳಿಯದೆ ಹಾಗೇ ಉಳಿದುಕೊಂಡದ್ದು ನೆನಪಿದೆ. “ಗೊತ್ತಾಯ್ತು” ಎಂದು ಅವನು ಎದ್ದ. “ನಾನೇನು ಕಸಾಯಿಯೇ?”

ಕ್ಲಿನಿಕ್ಕಿನ ದಾರಿಯಲ್ಲಿ ಯಾರೋ ಬೈಕಿನವನು ಅಡ್ಡ ಬಂದು ಅವನನ್ನೇ ಬೈದು ಹೋದ. ಮೆಟ್ಟಿಲು ಹತ್ತುವಾಗ ಫೋನು ತೆಗೆದು ನೋಡಿದ. ಕತ್ತೆಗೆ ಈಗ ಕನ್ನಡಕ ಬಂದಿತ್ತು. ಮೊದಲ ರೋಗಿ ನಿವೃತ್ತ ಮೇಷ್ಟರು, ಹಲ್ಲಿಗೆ ತುಂಬಿಸಿದ ಸಿಮೆಂಟು ಊಟದ ನಡುವೆ ಕಳಚಿಬಂತೆಂದು ಅದನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಬಂದು ಅವನ ಅಂಗೈಗೆ ಹಾಕಿದರು. ಎರಡನೆಯವಳಿಗೆ ಹಲ್ಲು ಬೆಳ್ಳಗಾಗಬೇಕು, ಭಾನುವಾರದ ಒಳಗೆ, ಅಕ್ಕನ ಹಲ್ಲಿಗಿಂತ ಹೆಚ್ಚು. ಇಲ್ಲೂ ಕೋರಿಕೆಗಳೇ. ಆಗಲಿ ನೋಡೋಣ, ಆಗಲಿ ನೋಡೋಣ ಎಂದು ಅವನು ಮುಖಗವಸಿನ ಹಿಂದೆ ಹಲ್ಲು ಕಿರಿದ. ಮುಖಗವಸಿನ ಹಿಂದೆ ಯಾವ ಮುಖ ಬೇಕಾದರೂ ಇಟ್ಟುಕೊಳ್ಳಬಹುದೆಂಬುದು ಈ ವೃತ್ತಿಯ ಅನುಕೂಲ. ಬೆಳ್ಳಗಾಗಬೇಕಾದ ಹಲ್ಲುಗಳ ಮೇಲೆ ಕನ್ನಡಿಯಾಡಿಸುತ್ತ, ಇವನ್ನೆಲ್ಲ ಒಂದೇ ಏಟಿಗೆ ಉದುರಿಸಿದರೆ ತಟ್ಟೆಯಲ್ಲಿ ಎಂಥ ಸದ್ದಾಗಬಹುದು ಎಂದುಕೊಂಡ, ಕೂಡಲೇ ನಾಚಿದ. ಪಕ್ಕದಲ್ಲಿ ಎಂಜಲು ಹೀರುವ ಕೊಳವೆ ಹಿಡಿದು ನಿಂತಿದ್ದ ಸಹಾಯಕಿ, “ಡಾಕ್ಟ್ರೇ, ಲೈಟು ಕಣ್ಣಿಗೆ ಬೀಳ್ತಿದೆ ಅವರಿಗೆ” ಎಂದು ದೀಪ ಸರಿಸಿದಳು.

ಭಾವಮೈದುನ ಬಂದದ್ದು ಊಟದ ಹೊತ್ತಿಗೆ ಸ್ವಲ್ಪ ಮೊದಲು. ಒಂದು ಕೆನ್ನೆ ಊದಿ ಕಣ್ಣು ಸಣ್ಣದಾಗಿತ್ತು. ಬಾಗಿಲಲ್ಲೇ ನಿಂತು, “ಭಾವ, ಬರ್ಲಾ?” ಎಂದ. ಆ ಭಾವ ಎಂಬ ಮಾತಿಗೆ ಅವನು ಕೈಯಲ್ಲಿದ್ದ ಕನ್ನಡಿಯನ್ನು ತಟ್ಟೆಗಿಟ್ಟು ಎದ್ದು ನಿಂತ. ಹಾಸ್ಟೆಲಿನಲ್ಲಿ ಒಂದೇ ಚಾಪೆಯಲ್ಲಿ ಮಲಗಿ ಆಟ ಕಟ್ಟಿದವನು, ಮದುವೆಯ ದಿನ ಇನ್ನು ನಿನ್ನನ್ನ ಬಹುವಚನದಲ್ಲಿ ಕರೀಬೇಕಲ್ಲೋ ಎಂದು ಬಿದ್ದು ಬಿದ್ದು ನಕ್ಕವನು. “ಬಾ, ಕೂತ್ಕೋ” ಎಂದ, ದನಿ ಮೆತ್ತಗಿತ್ತು. ಕುರ್ಚಿ ಹಿಂದಕ್ಕೆ ಒರಗಿತು. ಕೆಳಗಿನ ಬಲದವಡೆಯ ಕೊನೆಯ ಹಲ್ಲು, ಬುಡದಲ್ಲಿ ಕೀವು. ಉಳಿಸುವಂತಿರಲಿಲ್ಲ. ಮರಗಟ್ಟಿಸುವ ಮದ್ದು ಚುಚ್ಚಿದ. ಚುಚ್ಚುವಾಗ ಅವನ ಕೈ ಅಷ್ಟು ನಿಧಾನ, ಅಷ್ಟು ನಯ ಇತ್ತೆಂದರೆ ಭಾವಮೈದುನ ಬಿಗಿಹಿಡಿದಿದ್ದ ಹೆಗಲು ಸಡಿಲಬಿಟ್ಟ. ಕೀವು ತುಂಬಿದ ಕಡೆ ಮದ್ದು ಬೇಗ ಹಿಡಿಯುವುದಿಲ್ಲ, ಕಾಯಬೇಕು. ಇಬ್ಬರೂ ಕಾದರು. ಇದೆಲ್ಲ ಸರಿಹೋಗುತ್ತದೆ, ಸಂಜೆ ಹೆಂಡತಿಗೆ ಹೇಳಬಹುದು, ನೋಡು ಕಸಾಯಿಯ ಕೈ ಎಂದು ತಮಾಷೆ ಮಾಡಬಹುದು ಎಂದು ಅವನು ಕೈಗವಸಿನ ಬೆರಳುಗಳನ್ನು ಎಳೆದುಕೊಳ್ಳುತ್ತ ಅಂದುಕೊಂಡ.

“ಬೆಳಿಗ್ಗೆ ಗುಬ್ಬಿ ಬರೆದಿದ್ದು ನೋಡಿದ್ರಾ?” ಭಾವಮೈದುನ ಮಲಗಿದಲ್ಲೇ ಕೇಳಿದ. ತುಟಿ ಒಂದು ಕಡೆಗೆ ಜಾರುತ್ತಿತ್ತು. “ನಾನು ಮುಚ್ಚಿ ನಿಮ್ಮ ಕಡೆ ಕಳಿಸೋದು, ನೀವು ಮುಚ್ಚಿ ನನ್ನ ಕಡೆ ಕಳಿಸೋದು. ಆ ಹಲ್ಲು ನೋವಲ್ಲೂ ನಕ್ಕೂ ನಕ್ಕೂ ಸಾಕಾಯ್ತು ಭಾವ. ಎಂಥ ಕತ್ತೆಗಳು ನಾವು!”

ನಾವು ಎಂದಿದ್ದ. ಅವನ ಕಿವಿಗೆ ಕತ್ತೆಯಷ್ಟೇ ಬಿತ್ತು.

“ನೀವು ಗುಬ್ಬೀನ ಹೊರಗೆ ಹಾಕಿದ್ರಲ್ಲ, ಸಿಟ್ಟಲ್ಲಿ ಹಾಕಿದೀರಿ ಅಂತ ಗೊತ್ತಾಯ್ತು. ನಾನು ಮತ್ತೆ ಒಳಗೆ ಬಿಟ್ಟೆ. ಇನ್ನೊಂದು ಮಾಡ್ದೆ. ಬೈಬೇಡಿ.” ಒಂದು ಕಣ್ಣಲ್ಲಿ ನಗುತ್ತಿದ್ದ. “ಆ ಗುಂಡಿ ಬರೆದು ಯಾವಾಗ್ಲೋ ಇಟ್ಟಿದ್ದೆ. ಬರ್ತಾ ಬಸ್ಸಲ್ಲಿ ಕೂತು ಆಟಕ್ಕೆ ಸೇರಿಸಿಬಿಟ್ಟೆ. ಈಗ ಮಂಡಿಯೂರಿದವನನ್ನ ಬಿಟ್ಟುಬಿಡಬಹುದು. ಜನ ಎಷ್ಟು ಖುಷಿಯಾಗಿದಾರೆ ಗೊತ್ತಾ? ನಿಮ್ಮ ಹೆಸರೂ ಹಾಕಿದೀನಿ ಪಕ್ಕದಲ್ಲಿ. ಇಬ್ಬರೂ ಸೇರಿ ಮಾಡಿದ್ದು ಅಂತ.”

ಸಹಾಯಕಿ ತಟ್ಟೆಯಲ್ಲಿ ಇಕ್ಕಳ, ಹಲ್ಲನ್ನು ಮೀಟುವ ಉಳಿ, ಹತ್ತಿ ಎಲ್ಲ ಜೋಡಿಸಿದಳು. ಅವನು ಕಾಯಬೇಕಿತ್ತು ಇನ್ನೂ ಸ್ವಲ್ಪ. ಉಳಿಯ ತುದಿಯಿಂದ ವಸಡು ಮುಟ್ಟಿ ಕೇಳಬೇಕಿತ್ತು, ಮರಗಟ್ಟಿದೆಯೇ ಎಂದು. ಎಲ್ಲರಿಗೂ ಹೇಳುವ ಮಾತನ್ನು ಮಾತ್ರ ಹೇಳಿದ, ಬಾಯಿಪಾಠದ ದನಿಯಲ್ಲಿ: “ನೋವಾದ್ರೆ ಎಡಗೈ ಎತ್ತು. ನಿಲ್ಲಿಸ್ತೀನಿ.” ಭಾವಮೈದುನ ಬಾಯಿ ತೆರೆದ. ತೆರೆದ ಬಾಯಿ ಎಷ್ಟು ಅಸಹಾಯಕ ಎಂಬುದು ದಿನವೂ ನೋಡುವವನಿಗೆ ಮರೆತುಹೋಗಿರುತ್ತದೆ. ಕನ್ನಡಿಯ ಮುಂದೆ ಮಂಡಿಯೂರಿ ತಾನು ಬರೆದ ಗಳಿಗೆ, ಆ ಎತ್ತಿದ ಮುಖ, ಅದನ್ನು ಬಸ್ಸಿನಲ್ಲಿ ಕೂತು ಒಬ್ಬ ತೆಗೆದು ಎಸೆದಿದ್ದ, ಪಕ್ಕದಲ್ಲಿ ತನ್ನ ಹೆಸರೂ ಹಾಕಿ. ಭಿಕ್ಷೆ ಹಾಕಿದಂತೆ. ಅವನು ಉಳಿಯನ್ನು ಹಲ್ಲಿಗೂ ಎಲುಬಿಗೂ ನಡುವೆ ಇಳಿಸಿ ತಿರುಗಿಸಿದ.

ಕೈ ಎದ್ದಿತು. ಎಡಗೈ, ತಡವಿಲ್ಲದೆ, ತರಗತಿಯಲ್ಲಿ ಉತ್ತರ ಗೊತ್ತಿದ್ದವನು ಎತ್ತುವ ಹಾಗೆ. ಅದು ಅವನ ಕಣ್ಣಿನ ಅಂಚಿಗೆ ಸ್ಪಷ್ಟವಾಗಿ ಕಂಡಿತು. ನಾಲ್ಕು ಬೆರಳು ನೆಟ್ಟಗಿದ್ದವು, ತೋರುಬೆರಳು ನಡುಗಂಟಿನಿಂದ ಹೊರಕ್ಕೆ ವಾಲಿತ್ತು, ಅಂದು ಕೂಡಿಕೊಂಡಂತೆಯೇ ಸೊಟ್ಟಗೆ. ನಿಲ್ಲಿಸಬೇಕು ಎಂದು ಅವನಿಗೆ ಅನಿಸಿತು. ಅನಿಸಲೇ ಇಲ್ಲವೆಂದರೆ ಸುಳ್ಳಾದೀತು. ಆದರೆ ಆ ಬೆರಳನ್ನು ಕಂಡದ್ದೇ ಒಳಗೆ ಏನೋ ಹೊತ್ತಿಕೊಂಡಿತು. ತಾನು ಮಾಡಿದ್ದನ್ನು ತನಗೇ ಎತ್ತಿ ತೋರಿಸುತ್ತಿದ್ದಾನಲ್ಲ, ವರ್ಷಗಳಿಂದ ಅದನ್ನು ಹೊತ್ತು ತಿರುಗಿ ಎಲ್ಲರಿಗೂ ತೋರಿಸುತ್ತಿದ್ದಾನಲ್ಲ. ಅವನು ಇಕ್ಕಳ ತೆಗೆದುಕೊಂಡು ಹಿಡಿದ. ಒಳಕ್ಕೆ ಒತ್ತಿದ, ಹೊರಕ್ಕೆ ವಾಲಿಸಿದ. ಕುರ್ಚಿಯ ಮೇಲಿನ ಮೈ ಬಿಲ್ಲಿನಂತೆ ಎದ್ದು ಬಿತ್ತು, ಗಂಟಲಿನಿಂದ ಪ್ರಾಣಿಯ ದನಿ ಬಂತು, ಕಾಲು ತಟ್ಟೆಗೆ ತಗುಲಿ ಹತ್ತಿಯೆಲ್ಲ ನೆಲಕ್ಕೆ ಚೆಲ್ಲಿತು. “ಡಾಕ್ಟ್ರೇ” ಎಂದಳು ಸಹಾಯಕಿ. ಅವನು ಎಡಮೊಣಕೈಯನ್ನು ಭಾವಮೈದುನನ ಎದೆಗೆ ಒತ್ತಿ ಮತ್ತೆ ವಾಲಿಸಿದ. ಆ ಹಂತ ಬಂತು, ಎಲುಬು ಬಿಟ್ಟುಕೊಡುವ ಮೊದಲಿನದು. ಕೈ ಇನ್ನೂ ಗಾಳಿಯಲ್ಲೇ ಇತ್ತು. ಹಲ್ಲು ಬಂತು, ಎರಡು ಬೇರೂ ಇಡಿಯಾಗಿ, ತುದಿಯಲ್ಲಿ ಕೀವಿನ ಚೀಲ ನೇತಾಡುತ್ತ, ಪಾಠ ಹೇಳಿಕೊಡಲು ಇಡುವಂಥ ಕೆಲಸ. ಬೆಳಿಗ್ಗೆ ಬೆರಳ ತುದಿಯಲ್ಲಿ ಹಾದುಹೋದ ಸುಖ ಈಗ ಭುಜದವರೆಗೆ ಹತ್ತಿತು.

ಆಮೇಲೆ ಕ್ಲಿನಿಕ್ಕಿನಲ್ಲಿ ಕೊಳವೆ ರಕ್ತ ಹೀರುವ ಸದ್ದು ಮಾತ್ರ. ಅವನು ಹಲ್ಲು ಕಿತ್ತ ಕುಳಿಯಲ್ಲಿ ಹತ್ತಿ ಇಟ್ಟು, “ಕಚ್ಚಿ ಹಿಡ್ಕೋ” ಎಂದ. ಭಾವಮೈದುನ ಕಚ್ಚಿ ಹಿಡಿದ. ಕಣ್ಣುಗಳಿಂದ ನೀರು ಎರಡೂ ಕಡೆ ಕಿವಿಯೊಳಕ್ಕೆ ಹರಿದಿತ್ತು. ಭಾವಮೈದುನ ಎದ್ದು ಕೂತ, ಯಾರನ್ನೂ ನೋಡಲಿಲ್ಲ, ಬಗ್ಗಿ ಚಪ್ಪಲಿ ಹುಡುಕಿ ಎಡದ್ದನ್ನು ಬಲಗಾಲಿಗೆ ಮೆಟ್ಟಿಕೊಂಡು, ಹಾಗೇ ನಾಲ್ಕು ಹೆಜ್ಜೆ ನಡೆದು, ಬಾಗಿಲ ಹತ್ತಿರ ನಿಂತು ಸರಿಪಡಿಸಿಕೊಂಡು ಹೋದ. ನುಂಗಬೇಕಾದ ಮಾತ್ರೆಗಳನ್ನು ಬರೆದ ಚೀಟಿ ಡಾಕ್ಟರ ಕೈಯಲ್ಲೇ ಉಳಿಯಿತು. ಸಹಾಯಕಿ ಅದನ್ನು ಕಿತ್ತುಕೊಂಡು ಮೆಟ್ಟಿಲವರೆಗೆ ಓಡಿಹೋಗಿ ಕೊಟ್ಟು ಬಂದಳು. ಬಂದವಳು ನೆಲದ ಹತ್ತಿಯನ್ನು ಆಯ್ದು, ಕುರ್ಚಿ ಒರೆಸಿ, ಕೈ ತೊಳೆದುಕೊಳ್ಳುತ್ತ ನಲ್ಲಿಗೆ ಹೇಳುವಂತೆ ಹೇಳಿದಳು, “ನೀವು ನೋಡಿರ್ಲಿಕ್ಕಿಲ್ಲ ಅಂತ ಅಂದ್ಕೋತೀನಿ ಡಾಕ್ಟ್ರೇ.”

“ಮುಂದಿನವರನ್ನ ಕಳಿಸಿ” ಎಂದ ಅವನು.

“ಊಟದ ಹೊತ್ತು. ಯಾರೂ ಇಲ್ಲ” ಎಂದು ಅವಳು ಡಬ್ಬಿ ಎತ್ತಿಕೊಂಡು ಹೊರಗೆ ಹೋದಳು. ದಿನವೂ ಒಳಗೇ ಕೂತು ತಿನ್ನುತ್ತಿದ್ದವಳು.

ಹೆಂಡತಿಯ ಫೋನು ಬಂದಾಗ ಅವನು ಎರಡು ಸಲ ರಿಂಗಾಗಲು ಬಿಟ್ಟು ಎತ್ತಿದ. ಏನು ಹೇಳಬೇಕೆಂದು ಆಗಲೇ ಜೋಡಿಸಿಕೊಂಡಿದ್ದ: ಕೀವಿತ್ತು, ಮದ್ದು ಹಿಡಿಯಲಿಲ್ಲ, ಯಾರಿಗಾದರೂ ಹೀಗೇ ಆಗುತ್ತಿತ್ತು, ನಡುವೆ ನಿಲ್ಲಿಸಿದ್ದರೆ ಬೇರು ಮುರಿಯುತ್ತಿತ್ತು. ಎಲ್ಲ ನಿಜವೇ, ಒಂದೊಂದೂ. ಆದರೆ ಅವಳ ದನಿ ಹಗುರವಾಗಿತ್ತು. “ರೀ, ಅವನು ಫೋನ್ ಮಾಡಿದ್ದ. ಬಾಯಲ್ಲಿ ಹತ್ತಿ ಇಟ್ಕೊಂಡು ಏನೇನೋ ಅಂದ. ಒಂಚೂರೂ ನೋವಾಗ್ಲಿಲ್ವಂತೆ. ಭಾವನ ಕೈ ಎಷ್ಟು ಹಗುರ ಅಂದ.” ಮೂಗು ಎಳೆದುಕೊಂಡಳು. “ಸಂಜೆ ಮನೆಗೇ ಬಾ ಅಂದಿದೀನಿ. ಮೆತ್ತಗೆ ಏನಾದ್ರೂ ಬೇಯಿಸ್ತಿದೀನಿ, ನೀವೂ ಬೇಗ ಬನ್ನಿ. ಬೆಳಿಗ್ಗೆ ನಾನು ಹಾಗೆ ಮಾತಾಡಬಾರದಿತ್ತು. ಮನಸ್ಸಲ್ಲಿ ಇಟ್ಕೋಬೇಡಿ.”

“ಹ್ಞೂಂ” ಎಂದ ಅವನು, ಫೋನಿಟ್ಟ. ಗೆದ್ದೆ ಎನಿಸಿತು ಮೊದಲು. ಬಚಾವಾದೆ. ಕಾಲು ಚಾಚಿ ರೋಗಿಗಳ ಕುರ್ಚಿಯ ಮೇಲೇ ಒರಗಿದ, ಮೇಲಿನ ದೀಪ ಆರಿತ್ತು, ಅದರ ಗಾಜಿನಲ್ಲಿ ಅವನ ಮುಖ ಸಣ್ಣದಾಗಿ ಕಂಡಿತು. ಸಂಜೆ ಹೋಗಬೇಕು, ಎದುರಿಗೆ ಕೂರಬೇಕು, ಭಾವಮೈದುನ ಒಂದೇ ಕಡೆ ಅಗಿಯುತ್ತ ಮಾತಾಡುವುದನ್ನು ನೋಡಬೇಕು, ಅಕ್ಕ ತಮ್ಮ ನಗುವಾಗ ತಾನೂ ನಗಬೇಕು. ಇನ್ನು ಎಷ್ಟು ವರ್ಷ ಅವನು ಏನೂ ಹೇಳದೆ ಇರುತ್ತಾನೋ ಅಷ್ಟು ವರ್ಷ ತಾನು ಅವನ ಕೈಯೊಳಗೆ. ಬಸ್ಸಿನಲ್ಲಿ ಕೂತು ಗುಂಡಿ ಒತ್ತಿದ ಹಾಗೆ ಬಿಟ್ಟುಬಿಟ್ಟನಲ್ಲ ತನ್ನನ್ನು! ಯಾರು ಕೇಳಿದ್ದರು ಅವನನ್ನು? ಅವನು ಯಾರು ಬಿಡುವುದಕ್ಕೆ? ಮೈಯೆಲ್ಲ ಉರಿಯತೊಡಗಿತು. ಪಶ್ಚಾತ್ತಾಪವೆಂದರೆ ಹೀಗೇ ಇರಬಹುದು ಎಂದು ಒಂದು ಕ್ಷಣ ನಂಬಿದ. ನಿಜ ಹೇಳಿಬಿಡುವವನು ತಾನು, ಸುಳ್ಳಿನ ಹಂಗಿನಲ್ಲಿ ಬದುಕುವವನಲ್ಲ ಎಂದುಕೊಂಡಾಗ ಬೆನ್ನು ತಾನಾಗಿ ನೆಟ್ಟಗಾಯಿತು. ಹೆಂಡತಿಗೆ ಫೋನು ಮಾಡಿದ.

“ಏನು ರೀ? ಬರ್ತಾ ಏನಾದ್ರೂ ತರ್ಬೇಕಾ ಅಂತಾನಾ?”

“ಅವನು ಸುಳ್ಳು ಹೇಳಿದಾನೆ. ಮದ್ದು ಹಿಡಿದಿರ್ಲಿಲ್ಲ. ನಿಲ್ಸು ಅಂತ ಸನ್ನೆ ಮಾಡ್ದ. ನಾನು ನೋಡ್ದೆ. ನೋಡಿಯೂ ಕಿತ್ತೆ.”

ಆ ಕಡೆ ಪಾತ್ರೆಯಲ್ಲಿ ಏನೋ ಕುದಿಯುತ್ತಿತ್ತು, ಸೌಟು ತಿರುಗುತ್ತಿದ್ದದ್ದು ನಿಂತಿತು.

“ಗೊತ್ತು” ಎಂದಳು ಅವಳು.

ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ.

“ದನಿ ಕೇಳಿದ ಕೂಡ್ಲೇ ಗೊತ್ತಾಯ್ತು. ಹುಟ್ಟಿದಾಗಿಂದ ನೋಡಿದೀನಿ ಅವನನ್ನ. ನೋವಾಗಿಲ್ಲ ಅಂತ ಅಷ್ಟು ಸಲ ಹೇಳೋದು ಯಾವಾಗ ಅಂತ ನನಗೆ ಗೊತ್ತಿಲ್ವಾ?” ಅವಳು ಅಳುತ್ತಿರಲಿಲ್ಲ. “ನಂಬಿದ ಹಾಗೆ ಮಾಡ್ದೆ. ಅವನಿಗೋಸ್ಕರ ಅಲ್ಲ. ನನಗೆ ಇಲ್ಲೇ ಇರೋಕೆ ಒಂದು ನೆಪ ಬೇಕಿತ್ತು ರೀ. ಅವನು ಅಷ್ಟು ನೋವಲ್ಲೂ ನನಗೆ ಅದನ್ನ ಕೊಟ್ಟ. ನೀವು ಅದನ್ನೂ ಕಿತ್ರಿ.”

“ನಿಜ ಹೇಳಿದ್ದು ತಪ್ಪಾ?” ಎಂದ ಅವನು. ಕೇಳುವಾಗಲೇ ಅದರಲ್ಲಿ ಅದೇ ಸುಖದ ಎಳೆ ಇದ್ದದ್ದು ಅವನಿಗೆ ಕಂಡುಹೋಯಿತು, ಮಾತು ಬಾಯಿಂದ ಹೊರಬಿದ್ದಾಗಿತ್ತು.

ಅವಳು ಫೋನನ್ನು ಎಲ್ಲೋ ಕೆಳಗಿಟ್ಟಳು, ಮುಚ್ಚಲಿಲ್ಲ. ಒಲೆ ಆರಿಸಿದ ಸದ್ದು ಕೇಳಿತು. ಆಮೇಲೆ ಒಳಕೋಣೆಯ ಕಡೆಗೆ ಹೋದ ಹೆಜ್ಜೆ, ಬೀರುವಿನ ಬಾಗಿಲು, ಮತ್ತೆ ತುಂಬ ಹೊತ್ತು ಬಟ್ಟೆ ಮಡಿಸುವ ಸದ್ದು. ಅವನು ಕಿವಿಗೆ ಒತ್ತಿ ಹಿಡಿದುಕೊಂಡು ಕೇಳುತ್ತ ಕುರ್ಚಿಯ ಮೇಲೇ ಮಲಗಿದ್ದ.